ಆ ಅರ್ಧ ಮನುಷ್ಯ ಯಾವ ತಾಲೂಕಿನವನು?

ಜಿಲ್ಲೆಗೆ ಕಣ್ಣಿನ ಯೋಜನೆ ಬರೆಯುವ ಮಹನೀಯರಿಗೆ, ಕಾರ್ಕಳದಿಂದ ಸಾಷ್ಟಾಂಗ ನಮಸ್ಕಾರ.

ನಿಮ್ಮ ಲೆಕ್ಕದ ದಾರಿ ಎಷ್ಟು ಸಲೀಸು! 2015–19ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಅಂಧತ್ವ ಶೇ. 0.36. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಗೆ 11,77,361 ಜನ. ಗುಣಿಸಿದರೆ 4,238 ಅಂಧರು, ಮೇಲೊಬ್ಬ ಅರ್ಧ ಮನುಷ್ಯ. ಆತ ಕಾಪು ತಾಲೂಕಿನವನಂತೂ ಅಲ್ಲ. ಆ ಗಣತಿಯ ಹೊತ್ತಿಗೆ ಕಾಪು ತಾಲೂಕೇ ಆಗಿರಲಿಲ್ಲ.

2017ರ ಪವಾಡಕ್ಕಂತೂ ಪ್ರತ್ಯೇಕ ಶರಣು. ಅಲ್ಲಿಯವರೆಗೆ 6/60ರಷ್ಟೂ ಕಾಣದವರು ನಮ್ಮ ಸರಕಾರಕ್ಕೆ ಅಂಧರು. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೆ ಹೊಂದಿಸಲೆಂದು ಗೆರೆಯನ್ನು 3/60ಕ್ಕೆ ಇಳಿಸಿದಿರಿ. ಬೇರೆ ದೇಶಗಳ ಜೊತೆ ಹೋಲಿಸಲು ಅನುಕೂಲ, ಒಪ್ಪಿದೆ. ಆದರೆ ನಡುವೆ ಸಿಕ್ಕಿಬಿದ್ದವರೆಲ್ಲ ಒಂದೇ ಆದೇಶಕ್ಕೆ ಅಂಧರ ಪಟ್ಟಿಯಿಂದ ಬಿಡುಗಡೆಯಾದರು. ಕತ್ತರಿ ಇಲ್ಲ, ಹೊಲಿಗೆ ಇಲ್ಲ, ಕಣ್ಣಿಗೆ ಹನಿ ಇಲ್ಲ. ಊರೂರು ಅಲೆದು ಶಿಬಿರ ನಡೆಸಿದ ಡಾ. ಎಂ.ಸಿ. ಮೋದಿಯವರಿಗೂ ಈ ವೇಗ ದಕ್ಕಿರಲಿಲ್ಲ.

ಇನ್ನು ಮಣಿಪಾಲ. ಅಲ್ಲಿ ಪೊರೆ ತೆಗೆಸಿಕೊಳ್ಳಲು ಶಿವಮೊಗ್ಗದಿಂದಲೂ ಉತ್ತರ ಕನ್ನಡದಿಂದಲೂ ಜನ ಬರುತ್ತಾರೆ. ಆಪರೇಷನ್ನುಗಳನ್ನು ಆಸ್ಪತ್ರೆಯ ವಿಳಾಸದಲ್ಲಿ ಎಣಿಸಿ ಉಡುಪಿಯ ಜನಸಂಖ್ಯೆಯಿಂದ ಭಾಗಿಸಿದರೆ ನಾವು ಕಣ್ಣಿನಲ್ಲೂ ಮುಂದುವರಿದ ಜಿಲ್ಲೆ! ಸಾಗರದ ಅಜ್ಜನ ಪೊರೆ ಹೋದದ್ದಕ್ಕೆ ಹೆಬ್ರಿಯ ಅಜ್ಜಿಗೆ ಕಾಣಿಸಬೇಕು, ಅಷ್ಟೆ.

ನಿಮ್ಮ ತ್ವರಿತ ಸಮೀಕ್ಷೆ 50 ದಾಟಿದವರನ್ನೇ ಹುಡುಕುತ್ತದೆ. ಕುರುಡು ಹೆಚ್ಚು ಇರುವುದು ಅಲ್ಲೇ, ಸರಿ. ಆದರೆ ಶಂಕರಪುರದಲ್ಲಿ ಮಲ್ಲಿಗೆ ಕಟ್ಟುವಾಕೆಗೆ ನಲ್ವತ್ತರ ಆಸುಪಾಸಿಗೇ ಚಾಳೀಸು ಬೇಕು. ಕಾಪುವಿನ ದೀಪಸ್ತಂಭ, 1901ರದ್ದು, ಆಕೆಗೆ ನಿಚ್ಚಳವಾಗಿ ಕಾಣುತ್ತದೆ. ಬೆರಳ ಸಂದಿನ ಬಾಳೆನಾರು ಕಾಣುವುದಿಲ್ಲ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಟ್ಟೆಗೆ ದಿನಾ ಒಂದು ದರ. ಹೂವಿಗಿರುವ ಈ ಲೆಕ್ಕಪತ್ರ ಕಟ್ಟುವ ಕಣ್ಣಿಗಿಲ್ಲ. ನಮ್ಮ ಕಾರ್ಕಳದ ಬೀಡಿ ಬ್ರಾಂಚಿನವರು ನಿಮಗಿಂತ ವಾಸಿ: ಯಾರ ಬೀಡಿಯ ನೂಲು ಸಡಿಲಾಗುತ್ತಿದೆ ಎಂದು ಅವರಿಗೆ ಗೊತ್ತು. ಅಂಥ ಬೀಡಿ ಬದಿಗೆ ಬೀಳುತ್ತದೆ, ಮಜೂರಿಯೂ ಅಷ್ಟಕ್ಕೆ ಖೋತಾ. ಅಸ್ಸಾಮಿನಲ್ಲಿ ಚಹಾ ಕೀಳುವವರಿಗೆ ಬರೀ ಓದುವ ಕನ್ನಡಕ ಕೊಟ್ಟು ನೋಡಿದ್ದಾರೆ. ಕೊಡದವರಿಗಿಂತ ದುಡಿಮೆ ಶೇ. 21ಕ್ಕೂ ಮಿಕ್ಕಿ ಏರಿತು. 2018ರಲ್ಲೇ ಪ್ರಕಟವಾದ ಪ್ರಯೋಗ. ಓದಿರುತ್ತೀರಿ, ಚಾಳೀಸು ಹಾಕಿಕೊಂಡು.

ಆದ್ದರಿಂದ ಮುಂದಿನ ಸಮೀಕ್ಷೆಗೆ ಬರುವಾಗ ದೂರದ ಅಕ್ಷರದ ಹಲಗೆಯ ಜೊತೆ ಒಂದು ಸೂಜಿ, ಒಂದು ಉಂಡೆ ನೂಲು ತನ್ನಿ. ಬೆಳಿಗ್ಗೆ ಮಾತ್ರ ಬೇಡ. ಮೊಗ್ಗು ಕೊಯ್ದು ಕಟ್ಟುವ ಹೊತ್ತು. ಬ್ರಾಂಚಿಗೆ ಬೀಡಿ ಕೊಡುವ ಹೊತ್ತಿಗೂ ಬೇಡ. ಮನೆಯಲ್ಲಿ ಯಾರೂ ಇರುವುದಿಲ್ಲ, ಮತ್ತೆ ನೀವು ‘ತೊಂದರೆ ಇಲ್ಲ’ ಎಂದು ಬರೆದುಕೊಂಡು ಹೋಗುತ್ತೀರಿ.

ಇತಿ,
ಆ ಅರ್ಧ ಮನುಷ್ಯನ ಪರವಾಗಿ, ಕಾರ್ಕಳದ ಒಬ್ಬ ಪೂರ್ಣ ಮತದಾರ