ಮೆಂಬರ್ರು ಮತ್ತು ಮಾಸ್ತರ ತೆಗ್ಗು

2021ರ ಚುನಾವಣೆಯಲ್ಲಿ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಗೆ 82 ವಾರ್ಡು, 82 ಮಂದಿ ಮೆಂಬರ್ರು. ಅದರಾಗ ನಮ್ಮವರು ಯಾರು ಅಂತ ಮಾತ್ರ ಕೇಳಬ್ಯಾಡ್ರಿ. ಬಿಳಿ ಅಂಗಿ, ಕಿಸೆಯಲ್ಲಿ ಅಳತೆ ಟೇಪು, ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು, ಸ್ಕೂಟರಿನ ಚೀಲದಲ್ಲಿ ಅದರ ಝೆರಾಕ್ಸು: ಇಷ್ಟು ಗುರುತು ಹೇಳಿದರೆ ಎರಡೂ ಊರಿನ ಅರ್ಧ ಮಂದಿ ‘ಇವರು ನಮ್ಮವರಽ’ ಅಂದಾರು.

ವಾರ್ಡಿನ ತೆಗ್ಗುಗಳೆಲ್ಲ ಇವರಿಗೆ ಹೆಸರು ಹಿಡಿದು ಗೊತ್ತು. ಹಾಲಿನವನ ಕ್ಯಾನು ಉರುಳಿದ್ದು ಹಾಲಿನ ತೆಗ್ಗು. ದಿಬ್ಬಣದ ವ್ಯಾನು ಸಿಕ್ಕಿಬಿದ್ದದ್ದು ಬೀಗರ ತೆಗ್ಗು. ನಾನು ಸ್ಕೂಟರ್ ಸಮೇತ ಇಳಿದದ್ದು ಮಾಸ್ತರ ತೆಗ್ಗು. ಜೀವಮಾನವಿಡೀ ಹುಡುಗರಿಗೆ ಕನ್ನಡ ಕಲಿಸಿದ್ದಕ್ಕೆ ಊರಲ್ಲಿ ನನ್ನ ಹೆಸರಿನ ಸ್ಮಾರಕ ಸದ್ಯಕ್ಕೆ ಅದೊಂದೇ. ಇಂಜಿನಿಯರನ್ನು ಕರೆತಂದಾಗ ‘ಇದು ಮಾಸ್ತರ ತೆಗ್ಗರೀ, ಇವರು ಮಾಸ್ತರು’ ಎಂದು ಇಬ್ಬರನ್ನೂ ಒಟ್ಟಿಗೇ ಪರಿಚಯಿಸುತ್ತಾರೆ. ಆತ ಕೈಮುಗಿದದ್ದು ಯಾರಿಗೆಂದು ನನಗಿನ್ನೂ ತಿಳಿದಿಲ್ಲ.

ರಸ್ತೆ ಯಾಕೆ ನಿಲ್ಲುವುದಿಲ್ಲ ಎಂದು ಕೇಳಿದಿರೋ, ಭೂಗೋಳದ ಪಾಠ ಶುರು. ‘ನಮ್ಮದು ಎರಿ ನೆಲರೀ. ಮಳಿ ಬಿದ್ರ ಉಬ್ಬತದ, ಬಿಸಲು ಬಿದ್ರ ಬಿರಿತದ. ಮ್ಯಾಲ ಎಷ್ಟರ ಡಾಂಬರ ಸುರೀರಿ, ಕೆಳಗ ಅದು ಹೊಳ್ಳಾಡ್ತಽ ಇರ್ತದ. ದೇವರು ಈ ನೆಲಾ ಹತ್ತಿ ಬೆಳಿಲಿಕ್ಕೆ ಕೊಟ್ಟಾನ, ರಸ್ತೆ ಮಾಡ್ಲಿಕ್ಕಲ್ಲ.’ ಮಾತು ಖರೇನೇ. ಎರೆ ಕಿತ್ತು, ಗರಸು ತುಂಬಿ, ರೋಲರ್ ಹೊಡೆದು, ಗಟಾರ ಮಾಡಿ, ಆಮೇಲೆ ಖಡಿ ಹಾಕಬೇಕು. ಮಂಜೂರಾಗುವ ದುಡ್ಡು ಮಾತ್ರ ಮೇಲಿನ ಕರಿ ಪದರಿಗೇ ಮುಗಿಯುತ್ತದೆ.

ಇಷ್ಟೆಲ್ಲ ಸಹಿಸಬಹುದು. ಸಹಿಸಲಾಗದ್ದು ಅರ್ಜಿ. ಕನ್ನಡ ಮಾಸ್ತರ ಇದ್ದ ಮೇಲೆ ಮನವಿ ಬರೆಯಲು ಮತ್ತೊಬ್ಬರು ಯಾಕೆ ಎಂಬುದು ಮೆಂಬರ್ರ ಸಿದ್ಧಾಂತ. ತಾಟಿಗೆ ಬಿಸಿ ರೊಟ್ಟಿ ಬಿದ್ದ ಹೊತ್ತಿಗೇ ಅವರ ಸ್ಕೂಟರು ಗೇಟಿನ ಮುಂದೆ ಕೆಮ್ಮುತ್ತದೆ. ನಾನು ‘ನಮ್ಮ ಓಣಿಯ ರಸ್ತೆ ಕೆಟ್ಟಿದೆ, ದುರಸ್ತಿ ಮಾಡಿಸಿರಿ’ ಎಂದು ಬರೆದು ಮುಗಿಸಿದರೆ ಓದಿ ಮುಖ ಹುಳ್ಳಗೆ ಮಾಡುತ್ತಾರೆ.

‘ಇದರಾಗ ಯಾರೂ ಬಿದ್ದಽ ಇಲ್ಲಲ್ರೀ ಮಾಸ್ತರ!’

ಅವರ ಪ್ರಕಾರ ಅರ್ಜಿಗೆ ಮೂರು ಜನ ಬೇಕೇ ಬೇಕು: ಒಬ್ಬ ಹೃದ್ರೋಗಿ, ಒಬ್ಬ ಎಸ್ಸೆಸ್ಸೆಲ್ಸಿ ಹುಡುಗ, ಒಬ್ಬಾಕಿ ಗರ್ಭಿಣಿ. ಹೃದ್ರೋಗಿಗಳಿಗೆ ನಮ್ಮಲ್ಲಿ ಬರವಿಲ್ಲ. ಹುಡುಗನನ್ನು ಪಕ್ಕದ ಓಣಿಯಿಂದ ಕಡ ತಂದೆವು. ಗರ್ಭಿಣಿಯೇ ಪೇಚು. ‘ಇದು ಪೆನ್ಶನ್‌ದಾರರ ಓಣಿರೀ. ಇಲ್ಲಿ ಭಾಳ ಸಣ್ಣಾಕಿ ಅಂದ್ರ ನಮ್ಮಾಕಿ, ಆಕಿಗೆ ಮೊಣಕಾಲು ನೋವು’ ಅಂದೆ. ಒಳಗಿನಿಂದ ಪಾತ್ರೆಯ ಸಪ್ಪಳ ಜೋರಾಯಿತು. ಮೆಂಬರ್ರು ಅಲುಗಲಿಲ್ಲ. ‘ಇರ್ಲಿ, ಬರೀರಿ. ಫೈಲು ಮುಂದ ಹೋಗೂದರಾಗ ಯಾರರ ಬಾಡಿಗಿಗೆ ಬರ್ತಾರ.’ ಬರೆದೆ. ಅರ್ಜಿಯನ್ನು ಆಫೀಸಿಗೆ ಮುಟ್ಟಿಸಿ, ಪ್ರತಿಯ ಮೇಲೆ ಸ್ವೀಕೃತಿಯ ಶಿಕ್ಕಾ ಒತ್ತಿಸಿಕೊಂಡು ತಂದು ತೋರಿಸಿದಾಗ ಅವರ ಮುಖದಲ್ಲಿದ್ದ ಸಂತೋಷ ನನ್ನ ಮಗ ಪಾಸಾದಾಗ ನನ್ನ ಮುಖದಲ್ಲೂ ಇರಲಿಲ್ಲ.

ಆಮೇಲಿನದು ಗೊತ್ತಿದ್ದದ್ದೇ. ಎಸ್ಟಿಮೇಟು, ಟೆಂಡರು, ವರ್ಕ್ ಆರ್ಡರು. ನಡುವೆ ಒಂದು ನೀತಿಸಂಹಿತೆ, ಅದು ಮುಗಿಯುವಷ್ಟರಲ್ಲಿ ಮಳೆ.

ಸಿಟ್ಟು ನೆತ್ತಿಗೇರಿದಾಗ ನಾನು ಕ್ಯಾಲೆಂಡರ್ ನೆನೆಯುತ್ತೇನೆ. ಹಿಂದಿನ ಪಾಲಿಕೆಯ ಅವಧಿ ಮುಗಿದದ್ದು 2019ರ ಮಾರ್ಚಿನಲ್ಲಿ. ಮುಂದಿನ ಚುನಾವಣೆ 2021ರ ಸೆಪ್ಟೆಂಬರಿನಲ್ಲಿ. ಅಷ್ಟರಲ್ಲಿ 67 ಇದ್ದ ವಾರ್ಡುಗಳು 82 ಆಗಿದ್ದವು. ಇವರು ಗೆದ್ದು, ಗುಲಾಲು ಹಾರಿಸಿಕೊಂಡು, ಹಾರ ಹಾಕಿಸಿಕೊಂಡು ಮನೆಗೆ ಹೋದರು. ಮೇಯರ್ ಆಯ್ಕೆಯಾದದ್ದು 2022ರ ಮೇ ಕೊನೆಗೆ. ಅಲ್ಲಿತನಕ ಗೆದ್ದವರಿಗೆ ಸಭೆಯೂ ಇಲ್ಲ, ಅಧಿಕಾರವೂ ಇಲ್ಲ. ತೆಗ್ಗು ಅಳೆಯಲು ಟೇಪೊಂದಿತ್ತು. ‘ಹೆಚ್ಚುಕಡಿಮಿ ಒಂಬತ್ತು ತಿಂಗಳರೀ! ನಿಮ್ಮ ಅರ್ಜಿಯಾಗಿನಾಕಿ ಹಡದು ಎದ್ದಿರ್ತಿದ್ಲು’ ಎಂದು ಈಗ ತಾವೇ ನಗುತ್ತಾರೆ.

2023ರ ಮಾರ್ಚಿನಲ್ಲಿ ನಮ್ಮ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ 1,507 ಮೀಟರಿನ ಪ್ಲಾಟ್‌ಫಾರ್ಮು, ಜಗತ್ತಿನಲ್ಲೇ ಉದ್ದದ್ದು, ಉದ್ಘಾಟನೆಯಾಯಿತು. ಊರೆಲ್ಲ ಎದೆಯುಬ್ಬಿಸಿತು. ಮೆಂಬರ್ರು ಪೇಪರು ಮಡಚಿಟ್ಟು ‘ಅದರಾಗ ನಾಕಾಣೆ ಪಾಲು ನನಗ ಕೊಟ್ಟಿದ್ರ ನಿಮ್ಮ ಓಣಿ ಮುಗೀತಿತ್ತು’ ಅಂದರು. ದೊಡ್ಡ ದಾರಿಗಳಿಗೆಲ್ಲ ದೊಡ್ಡ ಒಡೆಯರಿದ್ದಾರೆ. ಹೆದ್ದಾರಿಗೆ ಒಬ್ಬರು, ಲೋಕೋಪಯೋಗಿಗೆ ಒಬ್ಬರು, ಚಿಗರಿ ಬಸ್ಸು ಓಡುವ ಪಥಕ್ಕೆ ಒಂದು ಕಂಪನಿ, ಸ್ಮಾರ್ಟ್ ಸಿಟಿಗೆ ಇನ್ನೊಂದು ಕಂಪನಿ. ಇವರ ಪಾಲಿಗೆ ಉಳಿದದ್ದು ಓಣಿ. ಆದರೆ ಬೈಗುಳ ಮಾತ್ರ ಎಲ್ಲ ದಾರಿಗಳದೂ ಇವರಿಗೇ. ಹೆದ್ದಾರಿಯವರ ನಂಬರು ನಮ್ಮಲ್ಲಿ ಯಾರ ಹತ್ತಿರ ಇದೆ? ಮೆಂಬರ್ರ ನಂಬರು ಕಾಯಿಪಲ್ಲೆ ಮಾರುವಾಕೆಯ ಹತ್ತಿರವೂ ಇದೆ. ರಾತ್ರಿ ಹನ್ನೊಂದಕ್ಕೆ ಹಚ್ಚಿದರೂ ಎತ್ತುತ್ತಾರೆ. ಎತ್ತುವವರನ್ನೇ ಬೈಯುವುದು ನಮಗೂ ರೂಢಿಯಾಗಿಬಿಟ್ಟಿದೆ.

ಕೊನೆಗೂ ಹಣ ಬಂತು. ಬಂದ ಕೂಡಲೇ ಡಾಂಬರು ಹಾಕಿಸಿದ್ದರೆ ಅವರು ಬೇರೆ ಯಾರೋ ಆಗುತ್ತಿದ್ದರು. ನೀರಿನ ಪೈಪಿನವರು, ಕೇಬಲ್‌ನವರು, ಒಳಚರಂಡಿಯವರು, ಒಬ್ಬೊಬ್ಬರ ಹತ್ತಿರವೂ ಹೋಗಿ ‘ಅಗಿಯೂದಿದ್ರ ಈಗಽ ಅಗೀರಪಾ, ಆಮ್ಯಾಲೆ ಬ್ಯಾಡ, ಕೈಮುಗೀತೀನಿ’ ಎಂದು ಗೋಗರೆದು ಓಣಿಯನ್ನು ಈ ತುದಿಯಿಂದ ಆ ತುದಿಗೆ ಅಗೆಸಿದರು. ಇದ್ದ ರಸ್ತೆಯನ್ನೂ ಹಾಳು ಮಾಡಿದರೆಂದು ಓಣಿಯವರು ಎರಡು ತಿಂಗಳು ಮಾತು ಬಿಟ್ಟರು. ಚಳಿಗಾಲದಲ್ಲಿ ಗುದ್ದಲಿ ಪೂಜೆ, ತೆಂಗಿನಕಾಯಿ, ಧಾರವಾಡ ಪೇಡೆ, ಆಮೇಲೆ ಡಾಂಬರು. ಮಾಸ್ತರ ತೆಗ್ಗು ಮುಚ್ಚುವ ಮುನ್ನ ಫೋಟೊ ತೆಗೆಸಿ ನನಗೊಂದು ಪ್ರತಿ ಕೊಟ್ಟರು.

ವಾರ ಕಳೆದಿರಲಿಲ್ಲ, ಓಣಿಯ ಹಿರಿಯರೆಲ್ಲ ಕೂಡಿ ಮೆಂಬರ್ರನ್ನು ತಡೆದು ನಿಲ್ಲಿಸಿದರು. ‘ಸಾಹೇಬ್ರ, ರಸ್ತೆ ಭಾಳ ಸಾಪಾಗೇದ. ಹುಡುಗರು ಗಾಡಿ ಹುಚ್ಚರಂಗ ಓಡಸ್ತಾವ. ಒಂದೆರಡು ಹಂಪ್ ಹಾಕಸ್ರಲಾ.’

ಮೆಂಬರ್ರು ಟೇಪು ತೆಗೆದು, ಒಂದು ತುದಿ ನನ್ನ ಕೈಗಿಟ್ಟರು. ‘ಹಂಪ್ ಬ್ಯಾರೆ ಹೆಡ್‌ನ್ಯಾಗ ಬರ್ತದರೀ. ಟ್ರಾಫಿಕ್‌ನವರನೂ ಕೇಳಬೇಕು. ಹಿಡೀರಿ ಮಾಸ್ತರ, ನಿಮ್ಮ ತೆಗ್ಗು ಇತ್ತಲ್ಲ, ಅಲ್ಲಿಂದಽ ಶುರು ಮಾಡೋಣು.’