ಬೆರಳೆತ್ತುವ ರಾಯರು

ಸಂಜೆ ನಾಲ್ಕೂಮುಕ್ಕಾಲಿಗೆ ರಾಯರ ಮನೆಯ ಗೇಟು ಕಿರ್ ಎಂದಿತೆಂದರೆ ನಮ್ಮ ಕ್ರಾಸಿನ ಹುಡುಗರು ಬಾಲು ಹಿಡಿದ ಕೈ ಹಿಡಿದ ಹಾಗೇ ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಬಂದರು.

ತಲೆಗೆ ಬಿಳಿ ಟೋಪಿ, ಕಾಲಿಗೆ ಕ್ಯಾನ್ವಾಸ್ ಶೂ, ನಡುವೆ ಪಂಚೆ ಮತ್ತು ಎರಡು ಜೇಬಿನ ಜುಬ್ಬ. ಕಂಕುಳಲ್ಲಿ ಎಂಸಿಸಿಯ ಕ್ರಿಕೆಟ್ ನಿಯಮಾವಳಿ, ಒಟ್ಟು 42 ನಿಯಮ, ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡ್ ಮಾಡಿಸಿದ್ದು. ಎಡಜೇಬಿನಲ್ಲಿ ಆರು ಹುಣಸೆಬೀಜ. ಒಂದೊಂದು ಬಾಲಿಗೆ ಒಂದೊಂದು ಬೀಜ ಬಲಜೇಬಿಗೆ ವರ್ಗವಾಗುತ್ತದೆ. ಆರೂ ವರ್ಗವಾದರೆ ಓವರ್. ಈ ಬೀಜಗಳು ಅವರ ಹೆಂಡತಿಯ ಚೌಕಾಬಾರದ ಡಬ್ಬಿಯಿಂದ ಎತ್ತಿದವು. ಆಕೆ ಕೇಳಿದರೆ ‘ಅಫಿಷಿಯಲ್ ಯೂಸ್’ ಅನ್ನುತ್ತಾರಂತೆ.

ರಾಯರನ್ನು ಅಂಪೈರ್ ಆಗಿ ಎಂದು ಯಾರೂ ಕರೆಯಲಿಲ್ಲ. ಮೂವತ್ತನಾಲ್ಕು ವರ್ಷ ಆಡಿಟ್‌ನಲ್ಲಿ ಕೂತು ಇನ್ನೊಬ್ಬರು ಮಾಡಿದ್ದರಲ್ಲಿ ತಪ್ಪು ಹುಡುಕಿದ ಜೀವ. ನಿವೃತ್ತಿಯಾದ ಮಾರನೇ ತಿಂಗಳು ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತ ಕೆಳಗೆ ನೋಡಿದರು. ನೋಡಿದಲ್ಲೆಲ್ಲ ಆಕ್ಷೇಪಣೆ! ಲೋಟ ಅಲ್ಲೇ ಇಟ್ಟು ಇಳಿದುಬಂದರು. ಮತ್ತೆ ಹತ್ತಿದ್ದು ಕತ್ತಲಾದ ಮೇಲೆ.

ಅವರು ಬರುವ ಮೊದಲು ಇಲ್ಲಿ ನಿಯಮವೇ ಇರಲಿಲ್ಲ ಎಂದುಕೊಳ್ಳಬೇಡಿ. ಹೊಡೆದದ್ದು ನೇರ ಕಾಂಪೌಂಡಿನೊಳಗೆ ಬಿದ್ದರೆ ಔಟು, ಹೊಡೆದವನೇ ಹೋಗಿ ತರಬೇಕು, ಬೈಗುಳವೂ ಅವನದೇ. ಒಂದು ಪಿಚ್ ಬಿದ್ದು ಒಂದೇ ಕೈಯಲ್ಲಿ ಹಿಡಿದರೆ ಔಟು. ಮೊದಲನೆಯದು ಟ್ರಯಲ್ ಬಾಲು. ಎಲ್ಬಿ ಇಲ್ಲವೇ ಇಲ್ಲ. ಬ್ಯಾಟಿನ ಮಾಲೀಕ ಔಟಾದರೆ ಅದರ ಬಗ್ಗೆ ಚರ್ಚೆ ಆಗಬೇಕು. ಜೊತೆಗೆ, ಯಾರದೋ ತಮ್ಮ, ಬ್ಯಾಟಿಗಿಂತ ಒಂದು ಗೇಣು ಎತ್ತರದವನು, ಅತ್ತುಕೊಂಡು ಬಂದರೆ ಅವನನ್ನು ಸೇರಿಸಿಕೊಳ್ಳಲೇಬೇಕು: ಆಟಕ್ಕುಂಟು, ಲೆಕ್ಕಕ್ಕಿಲ್ಲ.

ರಾಯರಿಗೆ ಉರಿದದ್ದು ಈ ಕೊನೆಯದಕ್ಕೇ. “ಲೆಕ್ಕಕ್ಕಿಲ್ಲ ಅಂದ್ರೇನೋ? ಇದ್ದಾನೆ ಅಂದ್ಮೇಲೆ ಲೆಕ್ಕಕ್ಕೆ ಬರ್ಬೇಕು. ಲೆಕ್ಕಕ್ಕಿಲ್ಲ ಅಂದ್ರೆ ಇರಕೂಡ್ದು.” ಕಾರಣ ಕೇಳಿ ಮೆಮೊ ಕೊಟ್ಟ ಹಾಗಿತ್ತು ದನಿ. ಆ ಪುಟ್ಟ ತನ್ನ ಬಗ್ಗೆಯೇ ಮಾತು ಎಂದು ತಿಳಿಯದೆ ಮೂಗು ಒರೆಸಿಕೊಂಡು, “ನಂಗ್ಯಾವಾಗ ಬ್ಯಾಟಿಂಗು?” ಎಂದ.

ಅಂಪೈರಿಂಗ್ ಎಂದರೆ ರಾಯರಿಗೆ ದೇವರ ಕೆಲಸ. 1999ರ ಫೆಬ್ರುವರಿ 7ರಂದು ದೆಹಲಿಯ ಕೋಟ್ಲಾದಲ್ಲಿ ಪಾಕಿಸ್ತಾನದ ಹತ್ತಕ್ಕೆ ಹತ್ತೂ ವಿಕೆಟ್ ತೆಗೆದದ್ದು ಕುಂಬ್ಳೆ ಎಂದು ಲೋಕ ನಂಬಿದೆ. ರಾಯರ ಖಾತೆಯಲ್ಲಿ ಆ ವಿಕೆಟ್‌ಗಳು ಅಂದು ಅಂಪೈರಾಗಿದ್ದ ನಮ್ಮ ಎ.ವಿ. ಜಯಪ್ರಕಾಶ್ ಹೆಸರಿಗೆ ಜಮೆಯಾಗಿವೆ. “ಬೆರಳೆತ್ತದೆ ವಿಕೆಟ್ ಎಲ್ಲಿಂದ ಬರತ್ರೀ?” ಆ ಹತ್ತರಲ್ಲಿ ಎರಡು ಬೌಲ್ಡ್, ಅದಕ್ಕೆ ಯಾರ ಬೆರಳೂ ಬೇಕಾಗಿರಲಿಲ್ಲ ಎಂದು ನಾನೊಮ್ಮೆ ಹೇಳಿ ನೋಡಿದೆ. ವಯಸ್ಸಾದವರ ಕಿವಿ ಯಾವಾಗ ಮಂದವಾಗಬೇಕೋ ಆಗ ಸರಿಯಾಗಿ ಆಗುತ್ತದೆ.

ಎಲ್ಬಿಯನ್ನು ಜಾರಿಗೆ ತರಲು ಅವರು ಪಟ್ಟ ಪಾಡು ಒಂದೆರಡಲ್ಲ. ಅದು 1774ರಿಂದಲೂ ಇರುವ ಕಾನೂನು, ಈ ಕ್ರಾಸಿಗೆ ಮಾತ್ರ ವಿನಾಯಿತಿ ಯಾಕೆ ಎಂಬುದು ಅವರ ವಾದ. ಬಾಲು ಎಲ್ಲಿ ಪಿಚ್ ಆಯಿತು, ಕಾಲಿಗೆ ಎಲ್ಲಿ ತಗುಲಿತು, ತಗುಲದಿದ್ದರೆ ಎಲ್ಲಿಗೆ ಹೋಗುತ್ತಿತ್ತು ಎಂದು ಸೀಮೆಸುಣ್ಣದಲ್ಲಿ ರಸ್ತೆಯ ಮೇಲೆ ಗೆರೆ ಎಳೆದು ವಿವರಿಸುವಾಗ ಒಂದು ಸ್ಕೂಟರು ಬಂತು, ಎಲ್ಲರೂ ಪಕ್ಕಕ್ಕೆ ಸರಿದರು. ಗೆರೆ ಅಳಿಸಿತು. ಮತ್ತೆ ಎಳೆದರು. ಈಗ ತರಕಾರಿ ಗಾಡಿ. ಕೊನೆಗೆ ಬ್ಯಾಟಿನ ಮಾಲೀಕನೇ, “ತಾತ, ಕಾಲು ನಂದು. ಎಲ್ಲಿಗೆ ತಾಗ್ತು ಅಂತ ನಂಗೆ ಗೊತ್ತಿರಲ್ವಾ?” ಎಂದ. 36ನೇ ನಿಯಮದಲ್ಲಿ ಇದಕ್ಕೆ ಉತ್ತರವಿಲ್ಲ.

ಆದರೆ ನೋಡುವಂಥದ್ದು ಕುರ್ಚಿಯ ಪ್ರಕರಣ. ನಮ್ಮಲ್ಲಿ ಸ್ಟಂಪು ಎಂದರೆ ಒಂದು ಕೈ ಮುರಿದ ಪ್ಲಾಸ್ಟಿಕ್ ಕುರ್ಚಿ. ಒಂದು ಸಂಜೆ ಬಾಲು ನೆಲಕ್ಕೆ ಅಂಟಿದ ಹಾಗೆ ಉರುಳಿ, ಕುರ್ಚಿಯ ಎರಡು ಕಾಲುಗಳ ನಡುವೆ ನುಗ್ಗಿ, ಹಿಂದಿನಿಂದ ಹೊರಗೆ ಹೋಯಿತು. ಬೌಲ್ ಮಾಡಿದ ಹುಡುಗಿ ಎರಡೂ ಕೈ ಎತ್ತಿ ಓಡತೊಡಗಿದಳು. ರಾಯರು ತಲೆ ಅಲ್ಲಾಡಿಸಿದರು. ವಿಕೆಟ್ ಬಿದ್ದಿಲ್ಲ, ಬೇಲ್ ಹಾರಿಲ್ಲ, 29ನೇ ನಿಯಮ, ನಾಟೌಟ್.

“ಒಳಗಡೆಯಿಂದಾನೇ ಹೋಯ್ತಲ್ಲ ತಾತ!”

ರಾಯರಿಗೆ ಬೇಕಾಗಿದ್ದುದೂ ಅದೇ ಮಾತು. ಆಟ ನಿಂತಿತು, ಹರಿಕಥೆ ಶುರುವಾಯಿತು. ಹಿಂದೆಲ್ಲ ವಿಕೆಟ್‌ಗೆ ಎರಡೇ ಸ್ಟಂಪು ಇದ್ದವಂತೆ. 1775ರಲ್ಲಿ ಲಂಡನ್ನಿನ ಆರ್ಟಿಲರಿ ಮೈದಾನದಲ್ಲಿ ಲಂಪಿ ಸ್ಟೀವನ್ಸ್ ಎಂಬ ಬೌಲರ್, ಜಾನ್ ಸ್ಮಾಲ್ ಎಂಬ ಬ್ಯಾಟುಗಾರನಿಗೆ ಹಾಕಿದ ಬಾಲು ಒಂದಲ್ಲ ಎರಡಲ್ಲ, ಮೂರು ಸಲ ಆ ಎರಡರ ನಡುವೆಯೇ ತೂರಿಹೋಯಿತು. ಔಟಿಲ್ಲ. ಆ ಅನ್ಯಾಯ ನೋಡಲಾಗದೆ ದೊಡ್ಡವರೆಲ್ಲ ಸೇರಿ ಆಲೋಚಿಸಿ ಆಮೇಲೆ ನಡುವೆ ಮೂರನೇ ಸ್ಟಂಪು ನೆಟ್ಟರು. ರಾಯರು ಲಂಪಿಯಾಗಿ ಬೌಲ್ ಮಾಡಿ ತೋರಿಸಿದರು, ಸ್ಮಾಲ್ ಆಗಿ ಹಣೆ ಒರೆಸಿಕೊಂಡರು. ಕಣ್ಣು ಬಿಟ್ಟು ನೋಡುತ್ತಾರೆ: ಆ ಹುಡುಗಿ ತನ್ನ ಸ್ಕೂಲ್ ಬ್ಯಾಗನ್ನು ಕುರ್ಚಿಯ ಕೆಳಗೆ ತುರುಕಿ, ಕಾಲಿನಿಂದ ಒದ್ದು ಗಟ್ಟಿ ಮಾಡಿ, ರನ್‌ಅಪ್‌ಗೆ ಹೊರಟಿದ್ದಾಳೆ. ಲಂಡನ್ನಿಗೆ ಸಭೆ ಬೇಕಾಯಿತು. ಇವಳಿಗೆ ಬ್ಯಾಗು ಸಾಕಾಯಿತು.

ನಾಯಿಯದೂ ಇದೇ ಕಥೆ. ನಮ್ಮ ಬೀದಿಯ ಕಂದು ನಾಯಿಗೆ ಟೆನಿಸ್ ಬಾಲಿನ ಮೇಲೆ ತುಂಬ ಪ್ರೀತಿ. ಅದು ಕಚ್ಚಿಕೊಂಡು ಓಡಿದಾಗಲೂ ಬಾಲು ಆಟದಲ್ಲೇ ಇದೆ, ಓಡಿ ಓಡಿ ಎಂದು ರಾಯರು ಒಮ್ಮೆ ಏಳು ರನ್ ಕೊಡಿಸಿದ್ದರು. 2022ರ ಅಕ್ಟೋಬರಿನಿಂದ ಎಂಸಿಸಿ ನಿಯಮ ಬದಲಾಯಿತು: ಮೈದಾನದೊಳಗೆ ಬಂದ ಮನುಷ್ಯರಿಂದಲೋ ಪ್ರಾಣಿಯಿಂದಲೋ ಯಾವ ತಂಡಕ್ಕಾದರೂ ತೊಂದರೆಯಾದರೆ ಡೆಡ್ ಬಾಲ್. ರಾಯರು ಹೊಸ ಹಾಳೆಯನ್ನು ಸ್ಪೈರಲ್ಲಿಗೆ ಸೇರಿಸಿಕೊಂಡು ಬಂದು, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಗೆಜೆಟ್ ಓದಿದ ಹಾಗೆ ಓದಿದರು. ಹುಡುಗರು ಪಿಳಿಪಿಳಿ ನೋಡಿದರು. “ಅದು ಮೊದ್ಲಿಂದ್ಲೂ ಹಂಗೇ ಅಲ್ವಾ ತಾತ? ನೀವೊಬ್ರೇ ಬೇಡ ಅಂದಿದ್ದು.”

ಮೇಲ್ಮನವಿಯ ವ್ಯವಸ್ಥೆಯೂ ಇದೆ. 2023ರ ನವೆಂಬರ್ 6ರಂದು ದೆಹಲಿಯ ವಿಶ್ವಕಪ್ ಪಂದ್ಯದಲ್ಲಿ ಶ್ರೀಲಂಕಾದ ಏಂಜೆಲೊ ಮ್ಯಾಥ್ಯೂಸ್ ಹೆಲ್ಮೆಟ್ಟಿನ ಪಟ್ಟಿ ಕಿತ್ತುಹೋಗಿ ಟೈಮ್ಡ್ ಔಟ್ ಆದನಲ್ಲ, ಅಂತರರಾಷ್ಟ್ರೀಯ ಕ್ರಿಕೆಟ್ಟಿನಲ್ಲೇ ಮೊದಲನೆಯವನಾಗಿ, ಅದನ್ನು ಟಿವಿಯಲ್ಲಿ ನೋಡಿದಂದಿನಿಂದ ರಾಯರ ಕಣ್ಣು ವಾಚಿನ ಮೇಲೆ. ಮುಂದಿನ ಬ್ಯಾಟಿಂಗಿನವನು ಕೊತ್ತಂಬರಿ ಸೊಪ್ಪು ತರಲು ಹೋಗಿದ್ದ. ಮೂರು ನಿಮಿಷ ದಾಟಿತು. ರಾಯರು ಖಾಲಿ ಕ್ರೀಸಿಗೆ ಬೆರಳೆತ್ತಿದರು. ಮೊದಲ ಮಹಡಿಯಿಂದ ಒಗ್ಗರಣೆಯ ಸೌಟು ಹಿಡಿದ ಕೈಯೊಂದು ಹೊರಬಂತು: “ರಾಯರೇ, ಕಳ್ಸಿದ್ದು ನಾನು. ಬಂದು ಆಡ್ತಾನೆ.” ಎತ್ತಿದ ಬೆರಳಿನಲ್ಲಿ ರಾಯರು ಕಿವಿ ಕೆರೆದುಕೊಂಡರು.

ಹುಡುಗರು ಇವರನ್ನು ಯಾಕೆ ಸಹಿಸುತ್ತಾರೆ ಎಂದು ನನಗೆ ಬಹಳ ದಿನ ತಿಳಿದಿರಲಿಲ್ಲ. ಕಾಂಪೌಂಡಿಗೆ ಹೋದ ಬಾಲನ್ನು ಕೇಳಿ ತರುವವರು ರಾಯರು ಎಂದು ಆಮೇಲೆ ಗೊತ್ತಾಯಿತು. ಹುಡುಗರು ಕೇಳಿದರೆ ಬೈಗುಳ, ಇವರು ಕೇಳಿದರೆ ಬಾಲಿನ ಜೊತೆಗೆ ಕಾಫಿ.

ಕಳೆದ ಭಾನುವಾರ ಒಂದು ಕಡೆ ಒಬ್ಬ ಕಡಿಮೆ ಬಿದ್ದ. “ತಾತ, ನೀವೇ ಬನ್ನಿ.” ರಾಯರು ಬೇಡ ಬೇಡ ಎನ್ನುತ್ತಲೇ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಪಂಚೆ ಎತ್ತಿ ಕಟ್ಟಿದರು. ಮಿಡಲ್ ಸ್ಟಂಪ್ ಗಾರ್ಡ್ ಕೇಳಿದರು. ಕುರ್ಚಿಗೆ ಮಿಡಲ್ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಬೌಲಿಂಗಿಗೆ ಬಂದದ್ದು ಆ ಬ್ಯಾಗಿನ ಹುಡುಗಿ. ಬಾಲು ಬಿತ್ತು, ಎದ್ದಿತು. ರಾಯರ ಬ್ಯಾಟು ಮುಗಿಲಿಗೆ ಹೋಯಿತು, ಕುರ್ಚಿ ಮೋರಿಗೆ ಹೋಯಿತು.

ಯಾರೂ ಕೂಗಲಿಲ್ಲ. ಅಪೀಲಿಲ್ಲದೆ ಅಂಪೈರು ಔಟು ಕೊಡುವಂತಿಲ್ಲ, 31ನೇ ನಿಯಮ, ಪುಸ್ತಕ ನನ್ನ ಕೈಯಲ್ಲೇ ಇತ್ತು. ಆದರೆ ತಾನೇ ಹೊರಟುಬಿಡಲು ಬ್ಯಾಟುಗಾರನಿಗೆ ಅಡ್ಡಿಯಿಲ್ಲ ಎಂದೂ ಅದರಲ್ಲೇ ಇದೆ. ರಾಯರು ಮೋರಿಯಲ್ಲಿದ್ದ ಕುರ್ಚಿಯನ್ನೂ ನನ್ನನ್ನೂ ನೋಡಿದರು. ಮೂಗು ಒರೆಸಿಕೊಳ್ಳುತ್ತಿದ್ದ ಪುಟ್ಟ ಬೌಂಡರಿಯಿಂದಲೇ ಗಟ್ಟಿಯಾಗಿ ಹೇಳಿದ:

“ತಾತ ಆಟಕ್ಕುಂಟು, ಲೆಕ್ಕಕ್ಕಿಲ್ಲ!”

ರಾಯರು ಒಂದು ಗಳಿಗೆ ಸುಮ್ಮನೆ ನಿಂತರು. ಆಮೇಲೆ ಕುರ್ಚಿ ಎತ್ತಿ ತಂದು, ನೀರು ಕೊಡವಿ ನಿಲ್ಲಿಸಿ, ಬ್ಯಾಗನ್ನು ಅದರ ಕೆಳಗೆ ಸರಿಪಡಿಸಿ, ಬ್ಯಾಟು ನೆಲಕ್ಕೆ ಕುಟ್ಟಿದರು.

“ಮಿಡಲ್ ಸ್ಟಂಪ್.”