ಪುಷ್ಪಚಿತ್ರ ಮೀಮಾಂಸೆ: ಮಲೆನಾಡಿನ ಅಂಗಳವನ್ನು ಆಧರಿಸಿ

ಅಂಗಳದ ಗಿಡದಲ್ಲಿ ಅರಳಿ, ದೇವರ ತಲೆಗೂ ಹೆಂಗಸರ ಮುಡಿಗೂ ಏರದೆ, ದನದ ಬಾಯಿಗೂ ಮಂಗನ ಕೈಗೂ ಸಿಕ್ಕದೆ ಉಳಿದ ಹೂವನ್ನು ಅದು ಬಾಡುವುದರೊಳಗೆ ಕಾಗದಕ್ಕೆ ಇಳಿಸುವುದೇ ಪುಷ್ಪಚಿತ್ರ. ಈ ಲಕ್ಷಣದಲ್ಲಿ ಒಂದು ಪದವನ್ನೂ ಬಿಡುವಂತಿಲ್ಲ. ‘ಅಂಗಳದ’ ಎನ್ನದಿದ್ದರೆ ಕಾಡುಹೂಗಳಿಗೆಲ್ಲ ಅತಿವ್ಯಾಪ್ತಿಯಾಗುತ್ತದೆ. ‘ಬಾಡುವುದರೊಳಗೆ’ ಎನ್ನದಿದ್ದರೆ, ಹೂ ಉದುರಿದ ಮೇಲೆ ನೆನಪಿನಿಂದ ಮುಗಿಸಿದ ಚಿತ್ರಗಳೆಲ್ಲ ಒಳನುಗ್ಗುತ್ತವೆ. ಲೋಕದಲ್ಲಿ ಹೆಚ್ಚಿಗೆ ಇರುವುದು ಅವೇ. ‘ಉಳಿದ’ ಎಂಬುದಂತೂ ಲಕ್ಷಣದ ಪ್ರಾಣ. ಪ್ರಸ್ತುತ ವಿವೇಚನೆ ಸಾಗರ, ಸಿರಸಿ, ತೀರ್ಥಹಳ್ಳಿ ಕಡೆಯ ಮನೆಯಂಗಳಗಳಿಗೆ ಸೀಮಿತ. ಬೆಂಗಳೂರಿನ ಬಾಲ್ಕನಿ ಕುಂಡಗಳಿಗೆ ಇದನ್ನು ಅನ್ವಯಿಸುವವರು ಸ್ವಂತ ಹೊಣೆಯ ಮೇಲೆ ಅನ್ವಯಿಸಿಕೊಳ್ಳತಕ್ಕದ್ದು.

ಇಲ್ಲಿ ಪೂರ್ವಪಕ್ಷ: ಹೂವಿನ ಚಿತ್ರಕ್ಕೆ ಬೇಕಾದ್ದು ಕೈಚಳಕ, ಉಳಿದದ್ದೆಲ್ಲ ಆನುಷಂಗಿಕ. ಇದಕ್ಕೆ ಪ್ರಮಾಣವಾಗಿ ಮೊದಲು ಉಸ್ತಾದ್ ಮನ್ಸೂರನನ್ನು ತರುತ್ತಾರೆ. ಮನ್ಸೂರ್ ಬರೆದ ಕಾಶ್ಮೀರದ ಹೂಗಳು ನೂರನ್ನು ಮೀರಿದವೆಂದು ಜಹಾಂಗೀರ್ ಬಾದಶಹನೇ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಎರಡನೆಯ ಪ್ರಮಾಣ ಮದ್ರಾಸಿನದು. ರಾಬರ್ಟ್ ವೈಟ್ 1838ರಿಂದ 1853ರವರೆಗೆ ಹೊರತಂದ ‘ಐಕೋನ್ಸ್’ ಸಂಪುಟಗಳಲ್ಲಿ 2,000ಕ್ಕೂ ಹೆಚ್ಚು ಸಸ್ಯಚಿತ್ರಗಳಿವೆ. ಅವಕ್ಕಾಗಿ ದುಡಿದ ರಂಗಯ್ಯ ಮತ್ತು ಗೋವಿಂದು ದಕ್ಷಿಣದವರೇ. ವೈಟ್ ಸಾಹೇಬ ಒಂದು ಆರ್ಕಿಡ್ ಕುಲಕ್ಕೆ ಗೋವಿಂದುವಿನ ಹೆಸರನ್ನೇ ಇಟ್ಟ. ಅಂಗಳದ ಚಿತ್ರಕಾರನಿಗೆ ಅಂಥ ಗೌರವ ಸಂದಿಲ್ಲ. ಅವನ ಹೆಸರಿನಲ್ಲಿ ಇರುವುದು ಜಗಲಿಯ ಕೆಂಪು ಗಾರೆಯ ಮೇಲೆ ಎಷ್ಟು ತಿಕ್ಕಿದರೂ ಹೋಗದ ಒಂದು ನೀಲಿ ಕಲೆ. ಮೂರನೆಯದು ಮನೆಗೆ ಇನ್ನೂ ಹತ್ತಿರ. 1845ರಿಂದ 1847ರವರೆಗೆ ಶಿವಮೊಗ್ಗದಲ್ಲಿದ್ದ ಕಂಪನಿ ಸರ್ಕಾರದ ವೈದ್ಯ ಹ್ಯೂ ಕ್ಲೆಗ್‌ಹಾರ್ನ್ ಒಬ್ಬ ಮರಾಠಿ ಚಿತ್ರಕಾರನನ್ನು ಇಟ್ಟುಕೊಂಡು ದಿನಕ್ಕೊಂದು ಗಿಡದ ಚಿತ್ರ ಬರೆಸುತ್ತಿದ್ದ. ಆ ಸಂಗ್ರಹ ಈಗ ಎಡಿನ್‌ಬರೋದ ರಾಯಲ್ ಬಟಾನಿಕ್ ಗಾರ್ಡನ್‌ನಲ್ಲಿದೆ.

ಸಿದ್ಧಾಂತ ಹೀಗೆ. ಈ ಮೂರು ನಿದರ್ಶನಗಳಲ್ಲೂ ಕೈಚಳಕ ಇದ್ದದ್ದು ನಿಜ. ಆದರೆ ಮೂರರಲ್ಲೂ ಸಮಾನವಾಗಿ ಇಲ್ಲದಿದ್ದದ್ದು ಬೆಳಗಿನ ಜಾವ ಹೂಬುಟ್ಟಿ ಹಿಡಿದು ಅಂಗಳಕ್ಕಿಳಿಯುವ ಅಜ್ಜಿ. ಬಾದಶಹನ ಆಜ್ಞೆಗೂ ಕಂಪನಿಯ ಸಂಬಳಕ್ಕೂ ಹೂವನ್ನು ಗಿಡದಲ್ಲೇ ನಿಲ್ಲಿಸುವ ಶಕ್ತಿ ಇತ್ತು. ಅಂಗಳದ ಚಿತ್ರಕಾರನಿಗೆ ಆಜ್ಞೆಯೂ ಇಲ್ಲ, ಸಂಬಳವೂ ಇಲ್ಲ, ಅಜ್ಜಿ ಮಾತ್ರ ಇದ್ದಾರೆ. ಆದ್ದರಿಂದ ಪುಷ್ಪಚಿತ್ರದ ಅಧ್ಯಯನವೆಂದರೆ ಮೂಲತಃ ಹಕ್ಕುದಾರರ ಅಧ್ಯಯನ.

ಹಕ್ಕುದಾರರಲ್ಲಿ ದೇವರೇ ಮೊದಲು. ದಾಸವಾಳವನ್ನು ಉದಾಹರಣೆಗೆ ತೆಗೆದುಕೊಂಡರೆ, ಅದು ಅರಳುವುದು ಬೆಳಗಾಗುವ ಹೊತ್ತಿಗೆ, ಮುದುಡುವುದು ಸಾಮಾನ್ಯವಾಗಿ ಅಂದೇ ಸಂಜೆ. ನಡುವೆ ಇಡೀ ದಿನವಿದೆಯಲ್ಲ ಎಂದು ಹೊಸಬರು ಹಿಗ್ಗುವುದುಂಟು. ಬುಟ್ಟಿ ಬರುವುದು ಕಾಫಿಗಿಂತ ಮೊದಲು ಎಂಬುದು ಅವರಿಗೆ ತಿಳಿದಿರುವುದಿಲ್ಲ. ಪ್ರತಿಭಟಿಸಿದವರಿಗೆ ಸಿಗುವ ಉತ್ತರ ಎಲ್ಲ ಊರಲ್ಲೂ ಒಂದೇ: “ದೇವರಿಗೆ ಏರ್ಸಿ ಆದ್ಮೇಲೆ ತಗೊಂಡು ಎಷ್ಟು ಬೇಕಾದ್ರೂ ಬರ್ಕೊ ಮಾರಾಯಾ.” ಈ ಉದಾರ ಪರವಾನಗಿಯಿಂದ ಹುಟ್ಟಿದ ಶಾಖೆಗೆ ನಿರ್ಮಾಲ್ಯ ಶೈಲಿ ಎಂದು ಹೆಸರು. ಒಂದು ಎಸಳು ಗಂಧಕ್ಕೆ ಅಂಟಿಕೊಂಡು ಮಡಚಿರುವುದು, ಮತ್ತೊಂದರ ಮೇಲೆ ಅಕ್ಷತೆಯ ಎರಡು ಕಾಳು, ಮಂಗಳಾರತಿಯ ಕಾವಿಗೆ ಅಂಚು ಸ್ವಲ್ಪ ಕಪ್ಪಾಗಿರುವುದು: ಇವು ಅದರ ಗುರುತು.

ಇದಕ್ಕೆ ಪ್ರತಿಯಾಗಿ ನಿಂತಿರುವುದು ಊರ್ಧ್ವದೃಷ್ಟಿ ಸಂಪ್ರದಾಯ. ಅಜ್ಜಿಯ ದೋಟಿಗೂ ಎಟುಕದ ತುದಿರೆಂಬೆಯಲ್ಲಿ ಒಂದೋ ಎರಡೋ ದಾಸವಾಳ ದಿನವೂ ಉಳಿಯುತ್ತವೆ. ಚಿತ್ರಕಾರನಿಗೆ ದಕ್ಕುವುದು ಅವು. ಕೆಳಗೆ ಮಣೆ ಹಾಕಿ ಕುಳಿತು ಕತ್ತೆತ್ತಿ ನೋಡಿದರೆ ಕಾಣುವುದು ಹೂವಿನ ಬೆನ್ನು: ಹಸಿರು ಪುಷ್ಪಪಾತ್ರೆ, ಅದರ ಬುಡದಲ್ಲಿ ಸುತ್ತಲೂ ಚಾಚಿದ ಆರೇಳು ಸಣ್ಣ ಹಸಿರು ಎಸಳು, ಒಂದರ ಅಂಚು ಪಕ್ಕದ್ದರ ಮೇಲೆ ಸರಿಯಾಗಿ ಒಂದೇ ದಿಕ್ಕಿಗೆ ಸುತ್ತಿಕೊಂಡ ಐದು ಕೆಂಪು ಎಸಳು, ಆಚೆಗೆ ಇಣುಕುವ ಕೇಸರದ ಕಂಬದ ತುದಿಯಲ್ಲಿ ಐದು ಕೆಂಪು ಚುಕ್ಕೆ. ಬೇರೆ ನಾಡಿನ ದಾಸವಾಳದ ಚಿತ್ರಗಳೆಲ್ಲ ನೋಡುವವನ ಮುಖವನ್ನೇ ನೋಡುತ್ತವೆ; ಮಲೆನಾಡಿನವು ಆಕಾಶವನ್ನು ನೋಡುತ್ತವೆ. ಇದನ್ನು ಆಧ್ಯಾತ್ಮಿಕವೆಂದು ವ್ಯಾಖ್ಯಾನಿಸಿದವರು ದೋಟಿಯ ಉದ್ದವನ್ನು ಅಳೆದಿರಲಿಕ್ಕಿಲ್ಲ.

ಇನ್ನು ಸಾಮಗ್ರಿ. ಕಾಗದ ದಪ್ಪಗಿರಬೇಕು, 300 ಜಿಎಸ್‌ಎಂ ಆದರೆ ಉತ್ತಮ. ಪೇಟೆಯ ಸ್ಟೇಷನರಿ ಅಂಗಡಿಯಲ್ಲಿ ಸಿಗುವುದು ಡ್ರಾಯಿಂಗ್ ಶೀಟು, ಆದ್ದರಿಂದ ಡ್ರಾಯಿಂಗ್ ಶೀಟೂ ಉತ್ತಮವೇ. ಜಲವರ್ಣದಲ್ಲಿ ಬಿಳಿ ಬಣ್ಣ ಬಳಸುವುದು ಶಿಷ್ಟರಿಗೆ ಸಮ್ಮತವಲ್ಲ, ಕಾಗದದ ಬಿಳಿಯನ್ನೇ ಬಿಟ್ಟುಕೊಳ್ಳಬೇಕು. ಟ್ಯೂಬಿನ ಹಸಿರು ಯಾವ ಗಿಡದಲ್ಲೂ ಇಲ್ಲ. ಹಳದಿಗೆ ನೀಲಿ ಬೆರೆಸಿ, ಚಿಟಿಕೆ ಕೆಂಪು ಸೋಕಿಸಿ ಎಲೆಯ ಹಸಿರು ಮಾಡಿಕೊಳ್ಳಬೇಕು. ಹಳಬರು ಬಳಸುತ್ತಿದ್ದ ಗ್ಯಾಂಬೋಜ್ ಎಂಬ ಹಳದಿ ಗಾರ್ಸೀನಿಯಾ ಕುಲದ ಮರಗಳ ಅಂಟು. ಉಪ್ಪಾಗೆ, ಮುರುಗಲುಗಳೂ ಇದೇ ಕುಲದವು. ಒಂದೇ ಮನೆತನದ ಒಬ್ಬರು ಬಣ್ಣದ ಡಬ್ಬಿಗೆ, ಇನ್ನೊಬ್ಬರು ಸಾರಿನ ಪಾತ್ರೆಗೆ ಸಂದಿದ್ದಾರೆ. ಮಲೆನಾಡಿಗೆ ಹೆಚ್ಚು ಉಪಕಾರವಾದದ್ದು ಎರಡನೆಯವರಿಂದ.

ಕಾವ್ಯಶಾಸ್ತ್ರಕ್ಕೆ ಋತುಗಳು ಆರು. ಪುಷ್ಪಚಿತ್ರಕ್ಕೆ ಮೂರೇ: ಕಾಗದ ಒಣಗುವ ಕಾಲ, ಬಣ್ಣ ಒಣಗುವ ಕಾಲ, ಏನೂ ಒಣಗದ ಕಾಲ. ವ್ಯಾಪಾರಿಗಳ ಹಾಗೆ ಚಿತ್ರಕಾರರ ವರ್ಷವೂ ಬಲಿಪಾಡ್ಯಮಿಗೆ ಆರಂಭವಾಗುತ್ತದೆ, ಮಳೆ ಹಿಂದೆಗೆದು ಕಾಗದ ಸೆಟೆದು ನಿಲ್ಲುವುದು ಆಗ. ದುರ್ದೈವದಿಂದ ಅದೇ ದಿನ ಗೋಪೂಜೆ. ಅಂಗಳದ ಚೆಂಡುಹೂ ಪೂರ್ತಿ ದನಗಳ ಕೊರಳಿಗೆ ಹೋಗುತ್ತದೆ, ಕೊರಳಿನಿಂದ ಪಕ್ಕದ ದನದ ಬಾಯಿಗೆ. ಚೆಂಡುಹೂವಿನ ಮಲೆನಾಡು ಚಿತ್ರಗಳಲ್ಲಿ ಹಿನ್ನೆಲೆಯಾಗಿ ಒಂದು ಕೋಡು ಇರುವುದಕ್ಕೆ ಕಾರಣ ಇದು.

ಚಳಿಗಾಲದ ಅಧಿಪತಿ ಸೇವಂತಿಗೆ. ರಾತ್ರಿ ಉದ್ದವಾದಾಗ ಮಾತ್ರ ಮೊಗ್ಗಿಡುವ ಗಿಡ ಇದು. ಬೆಳಕು ಹಾಕಿ ರಾತ್ರಿಯನ್ನು ಮೊಟಕು ಮಾಡಿದರೆ ಅರಳುವುದನ್ನು ಮುಂದೂಡುತ್ತದೆ. ಸಸ್ಯಶಾಸ್ತ್ರದ ಪ್ರಕಾರ ಸೇವಂತಿಗೆ ಒಂದು ಹೂವಲ್ಲ, ಎಸಳೆಂದು ತೋರುವ ಪ್ರತಿಯೊಂದೂ ಒಂದೊಂದು ಕಿರುಹೂ. ಹಳೆಯ ಕೂಡುಕುಟುಂಬದ ಹಾಗೆ ಹೊರಗಿನವರಿಗೆ ಒಂದೇ ಮನೆ, ಒಳಗೆ ಎಣಿಸಿದರೆ ಲೆಕ್ಕ ಸಿಗುವುದಿಲ್ಲ. ಚಿತ್ರಕಾರ ಹೊರಸುತ್ತಿನ ಎಸಳುಗಳನ್ನು ಭಕ್ತಿಯಿಂದ, ನಡುಸುತ್ತಿನವನ್ನು ಅಂದಾಜಿನಿಂದ, ಒಳಸುತ್ತಿನವನ್ನು ಒಂದು ಹಳದಿ ಮುದ್ದೆಯಿಂದ ನಿರೂಪಿಸುತ್ತಾನೆ. ಎಸಳಿನ ಮೇಲೆ ಇಬ್ಬನಿಯ ಹನಿ ಬರೆಯುವ ಚಪಲ ಈ ಕಾಲದ್ದೇ. ಹನಿಯ ಒಂದು ಕಡೆ ಹೊಳಪು, ಎದುರು ಕಡೆ ನೆರಳು ಎಂಬುದು ನಿಯಮ. ನಿಯಮ ನೆನಪಾಗುವ ಹೊತ್ತಿಗೆ ಬಿಸಿಲೇರಿ ಹನಿ ಆರಿರುತ್ತದೆ.

ಬೇಸಿಗೆಯಲ್ಲಿ ಬಣ್ಣ ಕುಂಚದಲ್ಲೇ ಒಣಗುತ್ತದೆ. ಶಿವರಾತ್ರಿಯ ಆಸುಪಾಸಿನ ಸುರಗಿಯನ್ನು ಬರೆಯುವವರು ಕಡಿಮೆ, ಮೂಸುವವರೇ ಹೆಚ್ಚು. ಒಣಗಿದ ಮೇಲೂ ಪರಿಮಳ ಬಿಡದ ಹೂವಿಗೆ ಚಿತ್ರದ ಹಂಗಾದರೂ ಏಕೆ? ಮಲ್ಲಿಗೆಯದು ಬೇರೆ ಕಷ್ಟ. ಅದನ್ನು ಮೊಗ್ಗಿನಲ್ಲೇ ಕೊಯ್ದು ಕಟ್ಟುತ್ತಾರೆ. ಅದು ಬಿರಿಯುವುದು ಸಂಜೆ, ಮುಡಿಯಲ್ಲಿ. ಅರಳಿದ ಮಲ್ಲಿಗೆಯನ್ನು ನೋಡಿ ಬರೆಯಬೇಕಾದರೆ ಯಾರದ್ದಾದರೂ ತಲೆಯ ಹಿಂದೆ ಕುಳಿತುಕೊಳ್ಳಬೇಕಾಗುತ್ತದೆ. ಇದು ಮದುವೆಮನೆಗಳಲ್ಲಿ ಮಾತ್ರ ಸಾಧ್ಯ, ಅಲ್ಲೂ ಸುರಕ್ಷಿತವಲ್ಲ. ಮೇ ಫ್ಲವರನ್ನು ಪ್ರಾಮಾಣಿಕವಾಗಿ ಬರೆಯಹೊರಟವರು, ಮೊದಲ ಮಳೆಗೆ ಎದ್ದ ಒಂದೇ ಕೆಂಪು ಚೆಂಡಿನಲ್ಲಿ ನೂರಕ್ಕೂ ಮಿಕ್ಕಿ ಕಿರುಹೂಗಳಿರುವುದನ್ನು ಕಂಡು, ಅದೇ ಗಿಡದ ಎಲೆಯನ್ನು ಬರೆದು ಎದ್ದಿದ್ದಾರೆ.

ಮಳೆಗಾಲ ಈ ಶಾಸ್ತ್ರದ ಮುಖ್ಯ ಅಧಿಕರಣ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಒದ್ದೆ ಕಾಗದದ ಮೇಲೆ ಒದ್ದೆ ಬಣ್ಣ ಹರಿಯಬಿಡುವುದು ಬೇರೆಡೆ ಒಂದು ತಂತ್ರ. ಇಲ್ಲಿ ಅದಕ್ಕೆ ಪರ್ಯಾಯವಿಲ್ಲ. ಕಾಗದದ ಮೇಲ್ಮೈಗೆ ಹಾಕಿದ ಗಂಜಿಯೋ ಅಂಟೋ ಬೂಷ್ಟಿಗೆ ಆಹಾರವಾದ ಮೇಲೆ ಬಣ್ಣ ಮೇಲೆ ನಿಲ್ಲದೆ ಒಳಗಿಳಿದು ಮಂಕಾಗುತ್ತದೆ, ಮಾರನೆಯ ದಿನ ಹಿಂಬದಿಯಲ್ಲಿ ಪ್ರತ್ಯಕ್ಷವಾಗುತ್ತದೆ. ಮುಗಿದ ಚಿತ್ರವನ್ನು ಕಂಬಳಿ, ಶಾಲೆಯ ಯೂನಿಫಾರ್ಮುಗಳ ಪಕ್ಕದಲ್ಲಿ ಬಚ್ಚಲೊಲೆಯ ಮೇಲಿನ ಗಳಕ್ಕೆ ನೇತುಹಾಕಿ ಒಣಗಿಸುತ್ತಾರೆ. ಹೊಗೆ ಅದಕ್ಕೆ ಸಮನಾದ ಒಂದು ಕಂದು ಲೇಪ ಕೊಡುತ್ತದೆ. ಆರಿದ್ರಾ ಮಳೆಯಲ್ಲಿ ಬರೆದ ಚಿತ್ರ ಮಘೆ ಮಳೆಯ ಹೊತ್ತಿಗೆ ನೂರು ವರ್ಷ ಹಳತಾಗಿ ಕಾಣುವುದರಿಂದ, ಮಲೆನಾಡಿನ ಚಿತ್ರಗಳ ಕಾಲನಿರ್ಣಯದಲ್ಲಿ ವಿದ್ವಾಂಸರು ಎಚ್ಚರ ವಹಿಸುವುದು ಒಳ್ಳೆಯದು.

ಈ ಕಾಲದ ಹೂ ಡೇರೆ. ಅದರ ಮೂಲ ಮೆಕ್ಸಿಕೊ. 1791ರಲ್ಲಿ ಸ್ಪೇನಿನ ಕವಾನಿಯೆಸ್ ಅದಕ್ಕೆ ಸ್ವೀಡನ್ನಿನ ಸಸ್ಯವಿಜ್ಞಾನಿ ಆಂಡರ್ಸ್ ಡಾಲ್ ಹೆಸರಿಟ್ಟ. 1963ರಲ್ಲಿ ಮೆಕ್ಸಿಕೊ ಅದನ್ನು ರಾಷ್ಟ್ರೀಯ ಪುಷ್ಪವೆಂದು ಘೋಷಿಸಿತು. ಮಲೆನಾಡಿನಲ್ಲಿ ಅಂಥ ಘೋಷಣೆಯನ್ನು ಯಾರೂ ಮಾಡಿಲ್ಲ, ಅದರ ಅಗತ್ಯ ಬಿದ್ದಿಲ್ಲ. ಇಲ್ಲಿ ಡೇರೆಯ ಗೆಡ್ಡೆಯನ್ನು ದುಡ್ಡು ಕೊಟ್ಟು ತರುವುದು ಮರ್ಯಾದೆಯಲ್ಲ. ನೆಂಟರ ಮನೆಗೆ ಹೋದಾಗ ಕೇಳಿ ತರಬೇಕು, ಇಲ್ಲವೇ ತನ್ನಲ್ಲಿರುವ ಬಣ್ಣ ಕೊಟ್ಟು ಇಲ್ಲದ ಬಣ್ಣ ತರಬೇಕು. ಹೀಗೆ ಬಂದ ಗೆಡ್ಡೆ ಹೇಳಿದ ಬಣ್ಣವನ್ನೇ ಬಿಡುತ್ತದೆಂಬ ಭರವಸೆ ಇಲ್ಲ. ಎರಡು ಮನೆಗಳ ನಡುವೆ ಮಾತು ನಿಂತದ್ದಕ್ಕೆ ಗದ್ದೆಯ ಬದುವಿಗಿಂತ ಡೇರೆಯ ಬಣ್ಣವೇ ಕಾರಣವಾದ ಪ್ರಸಂಗಗಳಿವೆ.

ಡೇರೆಯ ಎಸಳುಗಳು ನಡುವಿನಿಂದ ಎಡಕ್ಕೂ ಬಲಕ್ಕೂ ಸುರುಳಿಯಾಗಿ ಹೊರಡುತ್ತವೆ. ಆ ಸುರುಳಿಗಳನ್ನು ಎಣಿಸಿದರೆ ಸಾಮಾನ್ಯವಾಗಿ 8, 13, 21ರಂಥ ಫಿಬೊನಾಚಿ ಸಂಖ್ಯೆಗಳೇ ಸಿಗುತ್ತವೆ. ಎಣಿಕೆ 13 ದಾಟುವ ಹೊತ್ತಿಗೆ ಅಡಿಗೆಮನೆಯಿಂದ ಯಾರಾದರೂ ಕರೆಯುತ್ತಾರೆ. ವಾಪಸು ಬಂದು ಒಂದರಿಂದ ಶುರುಮಾಡಬೇಕು. ಗಣಿತ ಬಲ್ಲವರು ಬರೆದ ಡೇರೆ ಗಿಡದಲ್ಲಿರುವುದಕ್ಕಿಂತ ಕ್ರಮಬದ್ಧವಾಗಿರುತ್ತದೆ, ಅಷ್ಟೇ ನಿರ್ಜೀವವಾಗಿರುತ್ತದೆ. ಇನ್ನೊಂದು ತೊಡಕು ಭಂಗಿಯದು. ಊಟದ ತಟ್ಟೆಯಗಲದ ಹೂ ಮಳೆನೀರು ಕುಡಿದು ಭಾರವಾಗಿ ಮುಖ ಕೆಳಗೆ ಹಾಕುತ್ತದೆ. ಕೊಡೆ ಹಿಡಿಯಲು ಒಬ್ಬರು, ಹೂವಿನ ಗದ್ದ ಎತ್ತಿ ಹಿಡಿಯಲು ಒಬ್ಬರು ಬೇಕು. ಎರಡನೆಯ ಕೆಲಸಕ್ಕೆ ಅಣ್ಣನ ಮಗನನ್ನೋ ತಂಗಿಯ ಮಗಳನ್ನೋ ನೇಮಿಸಿಕೊಳ್ಳುವುದು ವಾಡಿಕೆ. ಕೂಲಿ ಕೋಡುಬಳೆಯ ರೂಪದಲ್ಲಿ. ಕೋಡುಬಳೆ ಮುಗಿದ ಕ್ಷಣದಲ್ಲಿ ಚಿತ್ರವೂ ಮುಗಿದಿರಬೇಕು.

ಇಲ್ಲಿಯೇ ಶಾಸ್ತ್ರದ ಅತಿದೊಡ್ಡ ವಿವಾದ ಎದ್ದಿರುವುದು. ಡೇರೆ ಗಿಡ ಬೀಳದಂತೆ ಪಕ್ಕದಲ್ಲಿ ಗೂಟ ನೆಟ್ಟು ಬಾಳೆನಾರಿನಿಂದ ಕಟ್ಟಿರುತ್ತಾರೆ. ಚಿತ್ರದಲ್ಲಿ ಗೂಟ ಇರಬೇಕೋ ಬೇಡವೋ? ಗೂಟವಿಲ್ಲದೆ ಹೂ ನಿಲ್ಲದು, ನಿಂತಂತೆ ತೋರಿಸುವುದು ಸುಳ್ಳು ಎನ್ನುತ್ತದೆ ಸಗೂಟ ಪಂಥ. ಗೂಟ ಅಡಿಕೆ ದಬ್ಬೆಯದು, ಡೇರೆಯದಲ್ಲ. ಆಧಾರವು ಆಧೇಯದ ಸ್ವರೂಪಕ್ಕೆ ಸೇರದು ಎನ್ನುತ್ತದೆ ನಿರ್ಗೂಟ ಪಂಥ. ಬಾಳೆನಾರನ್ನು ಮಾತ್ರ ಉಳಿಸಿಕೊಂಡು ಗೂಟವನ್ನು ಕೈಬಿಟ್ಟ ಸಮನ್ವಯವಾದಿಗಳೂ ಇದ್ದಾರೆ. ಅವರ ಚಿತ್ರಗಳಲ್ಲಿ ಒಂದು ಗಂಟು ಗಾಳಿಯಲ್ಲಿ ನಿಂತಿರುತ್ತದೆ. ಪ್ರಸ್ತುತ ವಿವೇಚನೆ ಸಗೂಟ ಪಂಥದ ಕಡೆಗೇ ವಾಲುತ್ತದೆ. ಗೂಟ ಬರೆಯುವುದು ಸುಲಭ ಎಂಬುದು ಅದಕ್ಕಿರುವ ಕಾರಣಗಳಲ್ಲಿ ಕಡೆಯದೇನಲ್ಲ.

ಬ್ರಹ್ಮಕಮಲ ಒಂದೇ ರಾತ್ರಿಯ ಹೂ. ಆ ರಾತ್ರಿ ಕರೆಂಟು ಇರುವುದಿಲ್ಲ, ಅಕ್ಕಪಕ್ಕದ ಮನೆಯವರೆಲ್ಲ ಇರುತ್ತಾರೆ. ಹೆಚ್ಚಿನ ವಿವರ ಅನಗತ್ಯ. ಗೌರಿಹೂವಿನ ಬಗ್ಗೆ ಹೇಳಬೇಕಾದ್ದೂ ಇಷ್ಟೇ: ಬಲಿತ ಕಾಯಿಯನ್ನು ಕುಂಚದ ತುದಿಯಿಂದ ಮುಟ್ಟಬಾರದು. ಅದು ಸಿಡಿದು ಬೀಜವನ್ನು ನೇರ ಬಣ್ಣದ ತಟ್ಟೆಗೆ ಹಾರಿಸುತ್ತದೆ.

ಮಳೆ ಕಡಿಮೆಯಾಗುತ್ತ ಬಂದಂತೆ ಬೆಟ್ಟದಾವರೆ ತೊಡಗುತ್ತದೆ. ಬೆಳಿಗ್ಗೆ ಬಿಳಿ, ಮಧ್ಯಾಹ್ನ ಗುಲಾಬಿ, ಸಂಜೆಗೆ ಕೆಂಪು. ಅದೇ ಹೂ, ಅದೇ ದಿನ. ಪಾತರಗಿತ್ತಿಯೊಂದು ಅಡ್ಡ ಬಂದರೂ ಗಮನ ಕದಡುವ ಚಿತ್ರಕಾರನಿಗೆ ಇದಕ್ಕಿಂತ ಕ್ರೂರವಾದ ಗಿಡ ಇನ್ನೊಂದಿಲ್ಲ. ಎಡಗಡೆಯ ಎಸಳನ್ನು ಬಿಳಿಯಾಗಿ ಆರಂಭಿಸಿದವನು ಬಲಗಡೆಯದನ್ನು ಮುಗಿಸುವಾಗ ಅದು ಕೆಂಪೇ ಆಗಿರುತ್ತದೆ. ಇಂಥ ಚಿತ್ರವನ್ನು ನೋಡಿದವರು ಬಣ್ಣ ತಪ್ಪಿದೆ ಎನ್ನುತ್ತಾರೆ. ವಸ್ತುತಃ ಅದೊಂದು ಗಡಿಯಾರ. ಬರೆದವನು ಎಷ್ಟು ನಿಧಾನಿ ಎಂಬುದನ್ನು ಎಡದಿಂದ ಬಲಕ್ಕೆ ಓದಿಕೊಳ್ಳಬಹುದು.

ವರ್ಷದ ಕೊನೆಯ ಪರ್ವ ನವರಾತ್ರಿ. ಆಯುಧಪೂಜೆಯ ದಿನ ಮನೆಯ ಕತ್ತಿ, ಹಾರೆ, ಬೈಕು, ಮಿಕ್ಸಿಗಳ ಸಾಲಿನಲ್ಲಿ ಬಣ್ಣದ ಡಬ್ಬಿ, ಕುಂಚ, ಡ್ರಾಯಿಂಗ್ ಬೋರ್ಡುಗಳನ್ನೂ ಇಟ್ಟು ಕುಂಕುಮ ಹಚ್ಚುತ್ತಾರೆ. ಅಂದು ಬುಟ್ಟಿಯ ಹೂ ಧಾರಾಳ. ಅಜ್ಜಿಯೇ ಕೈಯಾರೆ ಬಣ್ಣದ ಡಬ್ಬಿಯ ಮೇಲೆ ಒಂದು ತಾಜಾ ದಾಸವಾಳವನ್ನು, ಎಸಳು ಮೇಲ್ಮುಖವಾಗಿ, ಕೇಸರದ ಕಂಬ ಚಿತ್ರಕಾರನ ಕಡೆಗೇ ತಿರುಗಿರುವಂತೆ, ಇಡುತ್ತಾರೆ. ಬೆಳಕು ಕಿಟಕಿಯಿಂದ ಬರುತ್ತಿರುತ್ತದೆ. ಕಾಗದ ಒಣಗಿದೆ, ಹೂ ಅಲುಗುವುದಿಲ್ಲ, ಮುಖ ಪೂರ್ತಿ ಕಾಣುತ್ತಿದೆ. ಪೂಜೆಗಿಟ್ಟ ಸಾಮಾನನ್ನು ಮಾರನೆಯ ದಿನ ವಿಜಯದಶಮಿಯ ಪೂಜೆಯಾಗುವವರೆಗೆ ಯಾರೂ ಮುಟ್ಟುವಂತಿಲ್ಲ.